ಟ್ಯೂಬ್ ಬಂದ್ ಅದ ಅಂದ್ರ ಏನು?

ನಮ್ಮ ಮಂದ್ಯಾಗ ಅರಿಶಿನ ಕುಂಕುಮಕ್ಕ ಕೂಡಿದಾಗ, ಇಲ್ಲಾ ಕುಬಸದ ಮನ್ಯಾಗ ಅಡಗಿ ಮಾಡೋವಾಗ, ಒಂದು ಮಾತು ಭಾಳ ಸಣ್ಣ ದನಿಯೊಳಗ ಬರ್ತದ. "ಅಕಿಗೆ ಟ್ಯೂಬ್ ಬಂದ್ ಅವಂತ." ಅಷ್ಟ. ಕೇಳಿದವರು "ಅಯ್ಯ ಪಾಪ" ಅಂತಾರ, ಮಾತು ಮುಗೀತದ. ಯಾವ ಟ್ಯೂಬು, ಎಲ್ಲೆ ಬಂದ್ ಅದ, ಹೆಂಗ ಗೊತ್ತಾತು, ತೆಗೀಲಿಕ್ಕೆ ಬರ್ತದೋ ಇಲ್ಲೋ, ಯಾರೂ ಕೇಳೂದಿಲ್ಲ. ಕೇಳಿದ್ರ ನಾಚಿಕಿ. ಆದ್ರ ಅಕಿ ಮುಂದ ಯಾರ ಉಡಿ ತುಂಬೋದು, ಯಾರನ್ನ ಹಿಂದ ಕೂಡಸೋದು ಅನ್ನೂದು ಮಾತ್ರ ಅವತ್ತಿಂದನ ಶುರು ಆಗ್ತದ.

ಕಳೆದ ವರ್ಷ ಪೂರ್ತಿ ನಾನು ನಮ್ಮ ನೆಗೆಣ್ಣಿ ಜೋಡಿ ಈ ಟ್ಯೂಬಿನ ಸಲುವಾಗಿ ದವಾಖಾನಿ ಅಡ್ಡಾಡೇನಿ. ಅಕಿನ್ನ ಕೇಳೇ ಇದನ್ನ ಬರೀಲಿಕ್ಕತ್ತೇನಿ. "ಬರೀರಿ ಅಕ್ಕಾ, ಹೆಂಗೂ ಎಲ್ಲಾರಿಗೂ ಅರ್ಧಾ ಗೊತ್ತದ, ಪೂರ್ತಿ ಗೊತ್ತಾದ್ರ ಛಲೋನ" ಅಂದ್ಲು. ಅಕಿ ಹೆಸರು ಬರಿಯೂದಿಲ್ಲ. ನಮ್ಮ ಮನಿ ಮಂದಿಗೆ ಹೆಸರು ಬೇಕಾಗಿಲ್ಲ, ಬ್ಯಾರೇದವರಿಗೆ ಗೊತ್ತಾಗೋ ಕಾರಣ ಇಲ್ಲ.

ಮೊದಲ ಆ ನಳಿಕಿ ಎಲ್ಲೆ ಇರ್ತದ ಅಂತ ಹೇಳ್ತೇನಿ. ಗರ್ಭಚೀಲದ ಮ್ಯಾಲಿನ ಎರಡೂ ಮೂಲಿಗೆ ಒಂದೊಂದು ನಳಿಕಿ, ಅಡ್ಡಡ್ಡ ಕೈ ಚಾಚಿಧಂಗ. ಒಂದೊಂದು 10 ರಿಂದ 12 ಸೆಂಟಿಮೀಟರ್ ಉದ್ದ. ಗರ್ಭಚೀಲಕ್ಕ ಹತ್ತಿದ ಕಡೆ ಒಳಗಿನ ದಾರಿ ಒಂದು ಮಿಲಿಮೀಟರ್‌ಗಿಂತ ಸಣ್ಣದು. ನಾವು ಹೊಸಿಯೋ ಸಣ್ಣ ಶಾವಿಗಿ ಎಳಿ ಇರ್ತದಲ್ಲ, ಅಷ್ಟು. ಇನ್ನೊಂದು ತುದಿ ಅಗಲ ಆಗಿ ಅಂಡಾಶಯದ ಹಂತ್ಯಾಕ ಬಿಚ್ಚಿಕೊಂಡಿರ್ತದ, ಅಲ್ಲೆ ಸೆರಗಿನ ಕುಚ್ಚಿನಂಗ ಎಳಿ ಎಳಿ. ತಿಂಗಳಿಗೊಮ್ಮೆ ಅಂಡ ಹೊರಗ ಬಂದಾಗ ಆ ಕುಚ್ಚು ಅದನ್ನ ಒಳಗ ಎಳಕೋತದ. ಅಂಡ ಮತ್ತ ವೀರ್ಯಾಣು ಕೂಡೋದು ಗರ್ಭಚೀಲದಾಗ ಅಂತ ಭಾಳ ಮಂದಿ ತಿಳಕೊಂಡಾರ. ಅಲ್ಲ, ಈ ನಳಿಕ್ಯಾಗ ಕೂಡ್ತಾವ. ಕೂಡಿದ ಮ್ಯಾಲೆ ನಾಕೈದು ದಿನ ತಗೊಂಡು, ನಳಿಕಿ ಒಳಗಿನ ಕೂದಲಿಗಿಂತ ಸಣ್ಣ ಎಳಿಗೋಳು ಅದನ್ನ ನೂಕಿ ನೂಕಿ ಗರ್ಭಚೀಲಕ್ಕ ಮುಟ್ಟಸ್ತಾವ.

ಇದನ್ನ ಇಷ್ಟು ಯಾಕ ಹೇಳಿದೆ ಅಂದ್ರ, ನಮ್ಮ ಅತ್ತಿಯವರು ಮೊದಲನೇ ದಿನ ಕೇಳಿದ ಪ್ರಶ್ನಿ, "ನಳದ ಪೈಪ್ ಕಟ್ಟಿಕೊಂಡ್ರ ತಂತಿ ಹಾಕಿ ತಗೀತೀವಿ, ಇದಕ್ಕ ಯಾಕ ಬರೂದಿಲ್ಲ?" ಅಂತ. ಪ್ರಶ್ನಿ ತಪ್ಪಿಲ್ಲ. ಕೆಲವೊಂದಕ್ಕ ತಂತೀನ ಹಾಕ್ತಾರ ಸೈತ. ಆದ್ರ ಇದು ಪೈಪ್ ಅಲ್ಲ, ಜೀವ ಇದ್ದದ್ದು. ದಾರಿ ತೆರದ್ರೂ ಒಳಗಿನ ಎಳಿ ಸುಟ್ಟು ಹೋಗಿದ್ರ ಅಂಡನ್ನ ನೂಕೋರು ಯಾರು?

ನೆಗೆಣ್ಣಿ ಲಗ್ನ ಆಗಿದ್ದು 2019ರಾಗ. ಎರಡು ವರ್ಷ ಯಾರೂ ಏನೂ ಅನ್ಲಿಲ್ಲ. ಮುಂದ ನಾಗರಪಂಚಮಿಗೆ ಹಾಲೆರೆಯೋದು ಜಾಸ್ತಿ ಆತು, ಮಂತ್ರಾಲಯಕ್ಕ ಎರಡು ಸಲ ಹೋಗಿ ಬಂದ್ರು, ಯಾರೋ ಕೊಟ್ಟ ಕಷಾಯ ಆರು ತಿಂಗಳು ಕುಡದ್ಲು. ದೇವರ ಬಗ್ಗೆ ನನ್ನ ತಕರಾರಿಲ್ಲ. ಕಷಾಯದ ಬಗ್ಗೆ ಅದ. ಔಡಲೆಣ್ಣಿ ಪಟ್ಟಿ, ಹೊಟ್ಟಿ ತಿಕ್ಕೋದು, ಕಷಾಯ, ಇವು ಕಟ್ಟಿದ ನಳಿಕಿ ತಗೀತಾವ ಅನ್ನೂದಕ್ಕ ಏನೂ ಆಧಾರ ಇಲ್ಲ, ಮತ್ತ ಅವು ವರ್ಷ ತಿಂತಾವ. ಲಗ್ನ ಆಗಿ ಒಂದು ವರ್ಷ ಪ್ರಯತ್ನ ಮಾಡಿ ಆಗಲಿಲ್ಲಂದ್ರ ತೋರಸಬೇಕು, ಹೆಂಡ್ತಿ ವಯಸ್ಸು 35 ದಾಟಿದ್ರ ಆರ ತಿಂಗಳಿಗೆ ತೋರಸಬೇಕು. ಇದು ಎಲ್ಲಾ ಡಾಕ್ಟರೂ ಹೇಳೋ ಲೆಕ್ಕ.

ತೋರಸಲಿಕ್ಕೆ ಹೋದಾಗ ಡಾಕ್ಟರ್‌ಬಾಯಿ ಮೊದಲ ಕೇಳಿದ್ದು ನಮ್ಮ ಮೈದುನಂದು ವೀರ್ಯ ಪರೀಕ್ಷಾ. ಅಂವಾ ಎರಡು ತಿಂಗಳು ತಪ್ಪಿಸಿಕೊಂಡಾ. ಒಮ್ಮೆ ಆಫೀಸು, ಒಮ್ಮೆ ಶೀತ, ಒಮ್ಮೆ ಗಾಡಿ ಪಂಕ್ಚರ್. ಕಡೀಕೆ ಡಾಕ್ಟರ್‌ಬಾಯಿನ "ನಿಮ್ಮದು ಬರದ ನಾನು ಇಕಿನ್ನ ಮುಟ್ಟೂದಿಲ್ಲ" ಅಂದ್ರು. ಭಾಳ ಖುಷಿ ಆತು ನನಗ. ಎರಡರಿಂದ ಏಳು ದಿನ ಸಂಬಂಧ ಇಲ್ಲದ ಇರಬೇಕು, ಒಂದು ಡಬ್ಬ್ಯಾಗ ಕೊಡಬೇಕು, ಸೂಜಿ ಇಲ್ಲ ಬ್ಯಾನಿ ಇಲ್ಲ. ಅದನ್ನ ಬಿಟ್ಟು ಹೆಂಗಸಿಗೆ ಕ್ಷ-ಕಿರಣ, ಆಪರೇಷನ್ ಅಂತ ಹೊಂಟ್ರ ಅದಕ್ಕೇನರ ಅರ್ಥ ಅದ ಏನು? ಅವನ ರಿಪೋರ್ಟ್ ಸರಿ ಬಂತು. ಅವತ್ತು ಅಂವಾ ಪೇಢಾ ತಂದಾ, ನೋಡ್ರಿ!

ಆಮ್ಯಾಲೆ ಅಕಿಗೆ ಎಚ್‌ಎಸ್‌ಜಿ ಅಂತ ಬರಕೊಟ್ರು. ಈ ಪರೀಕ್ಷಾದ ಬಗ್ಗೆ ಭಾಳ ಹೆದರಿಕಿ ಹಬ್ಬೇದ, ಅದಕ್ಕ ಸ್ವಲ್ಪ ಬಿಡಿಸಿ ಹೇಳ್ತೇನಿ.

ಮುಟ್ಟು ನಿಂತ ಮ್ಯಾಲೆ, ಅಂಡ ಬಿಡೋದರ ಮುಂಚೆ ಮಾಡ್ತಾರ. ಅಂದ್ರ ಹೊರಗಾದ ದಿನದಿಂದ ಎಣಿಸಿ ಆರನೇದು, ಏಳನೇದರಿಂದ ಹತ್ತು ಹನ್ನೊಂದನೇ ದಿನದೊಳಗ. ಆ ತಿಂಗಳು ಪರೀಕ್ಷಾ ಆಗೋತನಕ ಗಂಡ ಹೆಂಡ್ತಿ ದೂರ ಇರಬೇಕು, ಯಾಕಂದ್ರ ಹೊಟ್ಟ್ಯಾಗ ಗರ್ಭ ಇದ್ರ ಈ ಪರೀಕ್ಷಾ ಮಾಡಂಗಿಲ್ಲ. ಅಯೋಡಿನ್ ಇದ್ದ ಔಷಧಕ್ಕ ಹಿಂದ ಎಂದರ ಮೈ ಮ್ಯಾಲೆ ದದ್ದು ಎದ್ದಿದ್ರ ಮೊದಲ ಹೇಳಬೇಕು. ಒಂದು ತಾಸು ಮುಂಚೆ ಬ್ಯಾನಿ ಗುಳಿಗಿ ಕೊಡ್ತಾರ. ಕ್ಷ-ಕಿರಣದ ಟೇಬಲ್ ಮ್ಯಾಲೆ ಮಲಗಿಸಿ, ಹೆರಿಗಿ ವೇಳ್ಯಾಕ ಪರೀಕ್ಷಾ ಮಾಡಿಧಂಗ ಸಾಧನ ಹಾಕಿ, ಗರ್ಭಚೀಲದ ಬಾಯಿಂದ ಸಣ್ಣ ನಳಿ ಒಳಗ ಬಿಟ್ಟು ಔಷಧ ತುಂಬಸ್ತಾರ. ಅದು ಗರ್ಭಚೀಲ ತುಂಬಿ, ನಳಿಕ್ಯಾಗ ಹರದು, ತುದಿಯಿಂದ ಹೊಟ್ಟ್ಯಾಗ ಚಲ್ಲಬೇಕು. ಚಲ್ಲಿದ್ದು ಫೋಟೋದಾಗ ಬೆಳ್ಳಗ ಕಾಣ್ತದ. ಅದಕ್ಕ ರಿಪೋರ್ಟಿನ್ಯಾಗ 'ಸ್ಪಿಲ್' ಅಂತ ಬರೀತಾರ. ಚಲ್ಲಲಿಲ್ಲಂದ್ರ ಬಂದ್ ಅಂತ ಅರ್ಥ.

ಒಟ್ಟು ಹತ್ತು ಹದಿನೈದು ಮಿನಿಟಿನ ಕೆಲಸ. ಬ್ಯಾನಿ ಆಗ್ತದ, ಆಗೂದಿಲ್ಲ ಅಂತ ಸುಳ್ಳು ಹೇಳೂದಿಲ್ಲ. ಔಷಧ ತುಂಬೋ ವೇಳ್ಯಾಕ ಮುಟ್ಟಿನ ಬ್ಯಾನಿಗಿಂತ ಸ್ವಲ್ಪ ಜೋರು, ಆಮ್ಯಾಲೆ ಇಳೀತದ. ನೆಗೆಣ್ಣಿ "ತುಟಿ ಕಚ್ಚಿಕೊಂಡೆ ಅಕ್ಕಾ, ಆದ್ರ ಟೇಬಲ್ ತಣ್ಣಗಿತ್ತಲ್ಲ ಅದ ಭಾಳ ತ್ರಾಸ ಆತು" ಅಂದ್ಲು. ಪ್ಯಾಡ್ ಒಯ್ಯಬೇಕು, ಒಂದೆರಡು ದಿನ ಸ್ವಲ್ಪ ಕಲೆ ಆಗ್ತದ. ಜೋಡಿ ಒಬ್ಬರು ಬೇಕು. ಜ್ವರ ಬಂದ್ರ, ವಾಸನಿ ಬಂದ್ರ, ಬ್ಯಾನಿ ಏರಿಕೋತ ಹೋದ್ರ ಆ ದಿನನ ವಾಪಸ್ ಹೋಗಬೇಕು, ನಾಳೆ ಅನ್ನಬಾರದು.

ಇನ್ನೊಂದು ಮಾತು. ಈ ಪರೀಕ್ಷಾ ಮಾಡಿಸಿದ ಎರಡು ಮೂರು ತಿಂಗಳಾಗ ಹಂಗನ ಬಸರಾದವರೂ ಅದಾರ. ಕಾಕತಾಳೀಯ ಅಂತ ಮಂದಿ ಅಂತಿದ್ರು. ನೆದರ್‌ಲ್ಯಾಂಡ್ಸ್‌ನ 27 ದವಾಖಾನ್ಯಾಗ ಸಾವಿರಕ್ಕೂ ಹೆಚ್ಚು ಹೆಣ್ಣಮಕ್ಕಳ ಮ್ಯಾಲೆ ಮಾಡಿದ ಅಭ್ಯಾಸ 2017ರಾಗ ಬಂತು. ನೀರಿನ ಔಷಧದಕಿಂತ ಎಣ್ಣಿ ಔಷಧ ಹಾಕಿದವರಾಗ ಆರು ತಿಂಗಳೊಳಗ ಬಸರಾದವರು ಹೆಚ್ಚು ಇದ್ರು, ನೂರಕ್ಕ ಸುಮಾರು 40 ಮಂದಿ, ನೀರಿಂದು ಹಾಕಿದವರಾಗ 29. ಆದ್ರ ಅವರೆಲ್ಲಾ ನಳಿಕಿ ಕೆಟ್ಟಿರೋ ಸಂಶಯ ಕಡಿಮಿ ಇದ್ದವರು. ಕಟ್ಟಿ ಹೋದ ನಳಿಕಿಗೆ ಈ ಲೆಕ್ಕ ಹಚ್ಚಬ್ಯಾಡ್ರಿ.

ನೆಗೆಣ್ಣಿ ರಿಪೋರ್ಟ್ ಬಂತು. ಬಲಗಡೆ ನಳಿಕಿ ಉಬ್ಬಿ ನೀರು ತುಂಬೇದ, ತುದಿ ಮುಚ್ಚೇದ. ಅದಕ್ಕ ಹೈಡ್ರೊಸಾಲ್ಪಿಂಕ್ಸ್ ಅಂತಾರ. ಎಡಗಡೆ ಬುಡದಾಗನ ಔಷಧ ಹೋಗಿಲ್ಲ, 'ಕಾರ್ನುಯಲ್ ಬ್ಲಾಕ್'. ಮನ್ಯಾಗ ಇದು ಇಷ್ಟ ಆಗಿ ಮುಟ್ಟಿತು: ಎರಡೂ ಬಂದ್. ಬ್ಯಾರೆ ಒಂದು ದವಾಖಾನ್ಯಾಗ ಅದ ಫೋಟೋ ತೋರಸಿದ್ವಿ. ಅಲ್ಲಿಯವರು ಅಕಿ ಮಾರಿ ಸೈತ ನೋಡದ "ನಾಳೆನ ಐವಿಎಫ್ ಪ್ಯಾಕೇಜ್ ಶುರು ಮಾಡ್ರಿ, ಈ ತಿಂಗಳು ಕಡಿಮಿ ಮಾಡಿ ಕೊಡ್ತೀವಿ" ಅಂದ್ರು. ಸೀರಿ ಅಂಗಡ್ಯಾಗ ಶ್ರಾವಣದ ಸೇಲ್ ಇದ್ದಂಗ. ವಾಪಸ್ ಮೊದಲನೇ ಡಾಕ್ಟರ್‌ಬಾಯಿ ಕಡೇನ ಬಂದ್ವಿ.

ಅವರು ಹೇಳಿದ್ದು ಎಲ್ಲಾರೂ ನೆನಪಿಟಗೋಬೇಕು. ಬುಡದಾಗ ಬಂದ್ ಅಂತ ಕಂಡದ್ದೆಲ್ಲಾ ಬಂದ್ ಅಲ್ಲ. ಹೆದರಿಕಿ, ಬ್ಯಾನಿ ಇಂದ ಗರ್ಭಚೀಲದ ಮೂಲಿ ಸ್ನಾಯು ಬಿಗಿದು ಔಷಧ ಹೋಗದ ಇರಬಹುದು. ಕೆಲವೊಮ್ಮೆ ಲೋಳಿಯಂಥಾದ್ದು ಸಿಕ್ಕೊಂಡಿರಬಹುದು. ನಮ್ಮ ಮಾವಶಿ ಮಗಳಿಗೆ ಗದಗಿನ್ಯಾಗ ಹಿಂಗ ಆಗಿತ್ತು. ಎಚ್‌ಎಸ್‌ಜಿ ಒಳಗ ಒಂದು ಕಡೆ ಬಂದ್ ಅಂತ ಬಂತು, ದುರ್ಬೀನ್ ಹಾಕಿ ನೋಡಿದಾಗ ಎರಡೂ ಕಡೆ ಬಣ್ಣ ಸರಳ ಹರೀತು. ಈಗ ಆಕಿ ಮಗಾ ಸಾಲಿಗೆ ಹೋಗ್ತಾನ. ಮತ್ತ ಒಂದ ನಳಿಕಿ ಕಟ್ಟಿ ಇನ್ನೊಂದು ಛಲೋ ಇದ್ರೂ ಬಸರಾಗಲಿಕ್ಕೆ ಬರ್ತದ. ಎಡಗಡೆ ಅಂಡಾಶಯದಿಂದ ಬಿದ್ದ ಅಂಡನ್ನ ಬಲಗಡೆ ನಳಿಕಿ ಎಳಕೊಂಡಿದ್ದೂ ಅದ.

ಆಮ್ಯಾಲೆ ಡಾಕ್ಟರ್‌ಬಾಯಿ ಫೈಲ್ ಮುಚ್ಚಿ ಕೇಳಿದ್ರು. "ಸಣ್ಣಾಕಿ ಇದ್ದಾಗ ಏನರ ದೊಡ್ಡ ಜಡ್ಡು? ಅಪೆಂಡಿಕ್ಸ್ ಒಡದಿತ್ತೇನು? ಗರ್ಭಪಾತ? ಟೀಬಿ? ಮನ್ಯಾಗ ಯಾರಿಗರ ಟೀಬಿ?" ಅಕಿ ಇಲ್ಲ ಅಂದ್ಲು. ಬಾಜೂಕ ಅತ್ತಿಯವರು ಕೂತಿದ್ರು.

ಅವತ್ತು ರಾತ್ರಿ ಭಾಂಡೆ ತಿಕ್ಕೋವಾಗ ನನ್ನ ಕಡೆ ಬಂದು ಹೇಳಿದ್ಲು. ಹದಿನಾರನೇ ವಯಸ್ಸಿನ್ಯಾಗ ಕೊರಳಾಗ ಗಂಟಾಗಿತ್ತಂತ, ಟೀಬಿ ಅಂತ ಆರು ತಿಂಗಳು ಗುಳಿಗಿ ತಗೊಂಡಿದ್ಲಂತ. ವರಾ ನೋಡ್ಲಿಕ್ಕೆ ಶುರು ಆದಾಗ ಅವರ ಅವ್ವ "ಇದನ್ನ ಸಾಯೋತನಕ ಬಾಯಿ ಬಿಡಬ್ಯಾಡ" ಅಂದಿದ್ರಂತ. ಕೊರಳಿನ ಕಲೆ ಮ್ಯಾಲೆ ಮಂಗಳಸೂತ್ರ ಬಂತು, ಮುಚ್ಚಿ ಹೋತು.

ಆ ಅವ್ವನ್ನ ಬೈಯ್ಯಲಿಕ್ಕೆ ನನಗ ಬಾಯಿ ಬರೂದಿಲ್ಲ. ಹೇಳಿದ್ರ ಆ ಸಂಬಂಧ ಕೂಡ್ತಿರಲಿಲ್ಲ, ನಮ್ಮ ಮನೀನ ಹಿಂದ ಸರೀತಿತ್ತು, ಅದು ನನಗ ಖಾತ್ರಿ ಗೊತ್ತದ. ಕನ್ಯಾಕ್ಕ ಹಿಂದ ಜಡ್ಡಾಗಿತ್ತು ಅಂದ್ರ ನಾವೆಲ್ಲಾ ಕುಂಡ್ಲಿ ಕೂಡೂದಿಲ್ಲ ಅಂತ ಹೇಳಿ ಕಳಸೋ ಮಂದಿ.

ಆದ್ರ ನಳಿಕಿ ವಿಷಯದಾಗ ನಮ್ಮ ದೇಶದೊಳಗ ಈ ಪ್ರಶ್ನಿ ಭಾಳ ದೊಡ್ಡದು. ನಳಿಕಿ ಕೆಡಲಿಕ್ಕೆ ಕಾರಣ ಹಲವು ಅವ. ಕ್ಲಮೈಡಿಯ, ಗೊನೊರಿಯ ಅಂತ ಸಂಬಂಧದಿಂದ ಬರೋ ಸೋಂಕು, ಅವು ಗಂಡನಿಂದನೂ ಬರ್ತಾವ, ಎಷ್ಟೋ ಸಲ ಲಕ್ಷಣ ಇಲ್ಲದ ಒಳಗೊಳಗ ಕೆಡಸ್ತಾವ. ಕೈಗೆ ಸಿಕ್ಕವರ ಕಡೆ ಮಾಡಿಸಿದ ಗರ್ಭಪಾತ, ಹೆರಿಗಿ ಆದ ಮ್ಯಾಲಿನ ನಂಜು, ಒಡದ ಅಪೆಂಡಿಕ್ಸ್, ಎಂಡೊಮೆಟ್ರಿಯೋಸಿಸ್. ಅದರ ಜೋಡಿ ನಮ್ಮಲ್ಲೆ ಟೀಬಿ. ಪುಪ್ಪುಸದಾಗೋ ಗಂಟಿನ್ಯಾಗೋ ಶುರು ಆದದ್ದು ರಕ್ತದ ಗುಂಟ ನಳಿಕಿಗೆ ಹೋಗಿ ಕೂಡ್ತದ, ವರ್ಷಗಟ್ಟಲೆ ಸುಮ್ಮನಿರ್ತದ. ಕೆಮ್ಮಿಲ್ಲ, ಜ್ವರ ಇಲ್ಲ, ಮುಟ್ಟು ಸರಿಯಾಗಿ ಬರ್ತಿರ್ತದ. ಹೆಣ್ಣಮಕ್ಕಳ ಒಳ ಅಂಗದ ಟೀಬ್ಯಾಗ ಹತ್ತಕ್ಕ ಒಂಬತ್ತು ಮಂದಿಗಿಂತ ಹೆಚ್ಚಿಗೆ ನಳಿಕಿ ಹಿಡೀತದ, ಸುಮಾರು ಅರ್ಧ ಮಂದ್ಯಾಗ ಗರ್ಭಚೀಲದ ಒಳ ಪದರ. ಮಕ್ಕಳಾಗಲಿಲ್ಲ ಅಂತ ತೋರಸಲಿಕ್ಕೆ ಬಂದಾಗನ ಭಾಳ ಮಂದಿಗೆ ಗೊತ್ತಾಗೋದು.

ಮುಂದಿನ ಸಲ ನಾವಿಬ್ಬರ ಹೋದ್ವಿ, ಅತ್ತಿಯವರಿಗೆ ಅವತ್ತು ಭಜನಾ ಇತ್ತು. ಡಾಕ್ಟರ್‌ಬಾಯಿ ಸಿಟ್ಟು ಮಾಡಲಿಲ್ಲ. "ಮೊದಲ ಗೊತ್ತಿದ್ರ ಎಚ್‌ಎಸ್‌ಜಿ ಮಾಡೋ ಮುಂಚೆನ ಟೀಬಿ ಹುಡುಕತಿದ್ವಿ, ಒಳಗ ಟೀಬಿ ಇದ್ದಾಗ ಆ ಪರೀಕ್ಷಾ ಮಾಡಿದ್ರ ಕೆರಳಬಹುದು" ಅಂತ ಅಷ್ಟ ಹೇಳಿದ್ರು. ಅವತ್ತಿಂದ ನಾನು ಯಾರ ಜೋಡಿ ದವಾಖಾನಿಗೆ ಹೋದ್ರೂ, ಡಾಕ್ಟರು ಹಿಂದಿನ ಜಡ್ಡು ಕೇಳೋ ಹೊತ್ತಿಗೆ ಹೊರಗ ಬಂದು ಕೂಡ್ತೇನಿ. ನೀವೂ ಹಂಗ ಮಾಡ್ರಿ. ಸ್ವಂತ ಅವ್ವ ಇದ್ರೂ ಹೊರಗ ಕೂಡ್ಲಿ. ಹೆಣ್ಣು ಬಾಯಿ ಬಿಚ್ಚೋದು ಆ ಐದು ಮಿನಿಟಿನ್ಯಾಗ.

ಗರ್ಭಚೀಲದ ಒಳ ಪದರದಿಂದ ಸ್ವಲ್ಪ ತಗದು ಪರೀಕ್ಷಾಕ್ಕ ಕಳಿಸಿದ್ರು. ಟೀಬಿ ಇಲ್ಲ ಅಂತ ಬಂತು. ಮನ್ಯಾಗ ಖುಷಿ ಆದ್ರೂ ಡಾಕ್ಟರ್‌ಬಾಯಿ ಬಿಡಲಿಲ್ಲ. ಈ ಜಾತಿ ಟೀಬ್ಯಾಗ ಕ್ರಿಮಿ ಭಾಳ ಕಡಿಮಿ ಇರ್ತಾವ, ತಗದ ತುಂಡಿನ್ಯಾಗ ಸಿಗಲಿಲ್ಲಂದ್ರ ಇಲ್ಲಂತ ಅಲ್ಲ. ಇದರ ಉಲ್ಟಾನೂ ನಡೀತದ, ಅದನ್ನೂ ಹೇಳ್ತೇನಿ. ಬರೇ ಒಂದು ಪಿಸಿಆರ್ ಪಾಸಿಟಿವ್ ಬಂತು ಅಂತ ಆರು ತಿಂಗಳಿನ ಗುಳಿಗಿ ಬರಕೊಟ್ರ, ಬ್ಯಾರೆ ಪುರಾವೆ ಏನದ ಅಂತ ಕೇಳ್ರಿ, ಇನ್ನೊಬ್ಬರಿಗೆ ತೋರಸ್ರಿ.

ಕಡೀಕೆ ಲ್ಯಾಪರೊಸ್ಕೋಪಿ. ಪೂರ್ತಿ ಮಂಪರು ಕೊಟ್ಟು, ಹೊಕ್ಕಳ ಹಂತ್ಯಾಕ ಒಂದು ಸಣ್ಣ ಕೊಯ್ತ, ಕೆಳಗ ಎರಡು, ಹೊಟ್ಟ್ಯಾಗ ಗಾಳಿ ತುಂಬಿ ದುರ್ಬೀನಿನಿಂದ ನೋಡ್ತಾರ. ಕೆಳಗಿಂದ ನೀಲಿ ಬಣ್ಣ ಬಿಟ್ಟು ಅದು ನಳಿಕಿ ತುದಿಯಿಂದ ಬರ್ತದೋ ಇಲ್ಲೋ ಕಣ್ಣಿಂದನ ಕಾಣ್ತದ. ನಳಿಕಿ ಬಂದ್ ಅದನೋ ಇಲ್ಲೋ ಅನ್ನೂದಕ್ಕ ಎಲ್ಲಾಕ್ಕಿಂತ ಭರೋಸಾದ ಪರೀಕ್ಷಾ ಇದ. ಮರುದಿನ ಮನಿಗೆ ಕಳಿಸಿದ್ರು. ಎರಡು ದಿನ ಹೆಗಲು ನೂಸತದ ಅಂತ ಒದ್ದಾಡಿದ್ಲು, ಹೊಟ್ಟಿ ಕೊಯ್ದು ಹೆಗಲು ಯಾಕ ಅಂತ ನನಗ ಗಾಬರಿ. ಹೊಟ್ಟ್ಯಾಗ ಉಳಿದ ಗಾಳಿಯಿಂದ ಅಂತ, ತಾನ ಹೋತು.

ನಳಿಕಿ ಮ್ಯಾಲೆ ರವೆ ಕಾಳಿನಂಥಾ ಸಣ್ಣ ಸಣ್ಣ ಬಿಳಿ ಗುಳ್ಳಿ ಇದ್ವು. ತುಂಡು ತಗದು ಕಳಿಸಿದ್ರು, ಟೀಬಿ ಅಂತ ಖಾತ್ರಿ ಆತು. ಎಡಗಡೆ ನಳಿಕಿಯಿಂದಾನೂ ನೀಲಿ ಬಣ್ಣ ಬರಲಿಲ್ಲ. ನಮ್ಮ ಮಾವಶಿ ಮಗಳಂಗ ಆಗ್ತದ ಅಂತ ಒಂದು ಆಸೆ ಇತ್ತು ಎಲ್ಲಾರಿಗೂ. ಆಗಲಿಲ್ಲ.

ಇನ್ನ ಮುಚ್ಚಿಡಲಿಕ್ಕೆ ದಾರಿ ಇರಲಿಲ್ಲ. ಅಕಿನ ಗಂಡಗ ಹೇಳಿದ್ಲು. ಮೈದುನ ಎರಡು ದಿನ ಯಾರ ಜೋಡೀನೂ ಮಾತಾಡಲಿಲ್ಲ. ಮೂರನೇ ದಿನ ಮುಂಜಾನಿ ತಾನ ಆರೋಗ್ಯ ಕೇಂದ್ರಕ್ಕ ಹೋಗಿ ಹೆಸರು ಹಚ್ಚಿ ಗುಳಿಗಿ ತಂದಾ. ಅತ್ತಿಯವರದು ಬ್ಯಾರೆ. "ಬೀಗರು ಮೋಸ ಮಾಡ್ಯಾರ" ಅಂತ ಒಂದು ತಿಂಗಳು ಅವರ ಫೋನ್ ಎತ್ತಲಿಲ್ಲ. ಅಕಿ ತಾಟು, ಲೋಟ ಬ್ಯಾರೆ ಇಡ್ರಿ ಅಂದ್ರು. ಅದಕ್ಕ ಮಾತ್ರ ನಾನು ಎದುರು ನಿಂತೆ. ಎದಿ ಫೋಟೋ ತಗದು ಪುಪ್ಪುಸದಾಗ ಏನೂ ಇಲ್ಲ ಅಂತ ಖಾತ್ರಿ ಮಾಡ್ಯಾರ, ಗರ್ಭಚೀಲದ ಟೀಬಿ ಕೆಮ್ಮಿನಿಂದ, ತಾಟಿನಿಂದ ಹರಡೂದಿಲ್ಲ. ಅತ್ತಿಯವರು ನನ್ನ ಮಾತು ನಂಬಲಿಲ್ಲ, ಆರೋಗ್ಯ ಕೇಂದ್ರದ ಹುಡುಗಿ ಮನಿಗೆ ಬಂದು ಅದನ್ನ ಹೇಳಿದ ಮ್ಯಾಲೆ ನಂಬಿದ್ರು.

ಆರು ತಿಂಗಳು ದಿನಾ ಗುಳಿಗಿ. ಮೊದಲ ಎರಡು ತಿಂಗಳು ನಾಕು ಔಷಧ, ಮುಂದ ನಾಕು ತಿಂಗಳು ಮೂರು. ಸರ್ಕಾರದಿಂದ ಪುಕ್ಕಟೆ. ಮೂತ್ರ ಕಿತ್ತಳಿ ಬಣ್ಣ ಆಗ್ತದ, ಹೆದರಬಾರದು. ಕಣ್ಣು ಹಳದಿ ಆದ್ರ, ಊಟ ಸೇರಲಾರದ ವಾಂತಿ ಹತ್ತಿದ್ರ, ಕಣ್ಣಿಗೆ ಮಸುಕು ಬಂದ್ರ ಕೂಡಲೆ ಹೇಳಬೇಕು. ನಡುವ ಬಿಡಬಾರದು. ತಿಂಗಳಿಗೆ 1000 ರೂಪಾಯಿ ಊಟದ ಸಲುವಾಗಿ ಖಾತೆಗೆ ಬರ್ತದ. ಹಿಂದ 500 ಇತ್ತು, 2024ರ ನವೆಂಬರಿಂದ ಹೆಚ್ಚು ಮಾಡ್ಯಾರ. ಮೊದಲನೇ ರೊಕ್ಕ ಬಂದಾಗ ಅತ್ತಿಯವರ ಅದನ್ನ ಇಸಕೊಂಡು ಶೇಂಗಾ, ಬೆಲ್ಲ, ತುಪ್ಪ ತರಿಸಿ ಉಂಡಿ ಕಟ್ಟಿದ್ರು. ಬೀಗರ ಮ್ಯಾಲಿನ ಸಿಟ್ಟು ಇನ್ನೂ ಅದ. ಉಂಡಿ ಬ್ಯಾರೆ, ಸಿಟ್ಟು ಬ್ಯಾರೆ.

ಟೀಬಿ ಗುಣ ಆತು. ನಳಿಕಿ ಗುಣ ಆಗಲಿಲ್ಲ. ಇದನ್ನ ಡಾಕ್ಟರ್‌ಬಾಯಿ ಮೊದಲ ಹೇಳಿದ್ರು, ಗುಳಿಗಿ ಜಡ್ಡು ಕೊಲ್ತದ, ಸುಟ್ಟ ಜಾಗಾ ಹೊಸಾದು ಮಾಡೂದಿಲ್ಲ ಅಂತ.

ಹಂಗಾದ್ರ ನಳಿಕಿ ತೆಗೆಯೋ ಆಪರೇಷನ್ ಯಾರಿಗೆ? ಬುಡದಾಗ ಕಟ್ಟಿದ್ದು ಟೀಬಿಯಿಂದ ಅಲ್ಲಂದ್ರ, ಗರ್ಭಚೀಲದೊಳಗ ದುರ್ಬೀನ್ ಬಿಟ್ಟು ಸಣ್ಣ ತಂತಿ ದಾಟಸ್ತಾರ. ಅತ್ತಿಯವರು ಕೇಳಿದ ತಂತಿ ಇದ. ತುದಿ ಸ್ವಲ್ಪ ಕೂಡಿಕೊಂಡಿದ್ರ ಬಿಡಸ್ತಾರ, ಸುತ್ತಲೂ ಅಂಟಿದ್ದನ್ನ ಕತ್ತರಸ್ತಾರ. ವಯಸ್ಸು ಸಣ್ಣದು, ನಳಿಕಿ ಒಳಗ ಛಲೋ, ಗಂಡನ ರಿಪೋರ್ಟ್ ಸರಿ ಅದ ಅಂದ್ರ ಇದು ಉಪಯೋಗ. ಮಕ್ಕಳಾಗದಂಗ ಆಪರೇಷನ್ ಮಾಡಿಸಿಕೊಂಡು, ಆಮ್ಯಾಲೆ ಮಗು ಕಳಕೊಂಡ ತಾಯಂದಿರಿಗೆ ಕತ್ತರಿಸಿದ ನಳಿಕಿ ಮತ್ತ ಕೂಡಿಸಿ ಹೊಲಿಯೋದೂ ಅದ. ಎಷ್ಟು ಉದ್ದ ಉಳದದ, ಹೆಂಗ ಕತ್ತರಿಸಿದ್ರು, ವಯಸ್ಸೆಷ್ಟು ಅನ್ನೂದರ ಮ್ಯಾಲೆ ಅದು ನಿಂತಿರ್ತದ. ವಯಸ್ಸು 38, 40 ಆದವರಿಗೆ, ಎರಡೂ ಪೂರ್ತಿ ಕೆಟ್ಟವರಿಗೆ ಆಪರೇಷನ್ ಮ್ಯಾಲೆ ಆಪರೇಷನ್ ಮಾಡಿ ವ್ಯಾಳ್ಯಾ ಕಳೆಯೋದಕ್ಕಿಂತ ಐವಿಎಫ್ ಛಲೋ ಅಂತಾರ.

ಇಲ್ಲೆ ಎಲ್ಲಾರಿಗೂ ಒಂದು ಎಚ್ಚರಿಕಿ. ನಳಿಕಿ ಕೆಟ್ಟವರು, ರಿಪೇರಿ ಆದವರು ಬಸರಾದ್ರ ಗರ್ಭ ನಳಿಕ್ಯಾಗನ ನಿಲ್ಲೋ ಸಂಭವ ಹೆಚ್ಚು. ನಮ್ಮ ಓಣ್ಯಾಗ ಒಬ್ಬಾಕಿಗೆ ಒಂದೂವರಿ ತಿಂಗಳಿಗೆ ಒಂದ ಕಡೆ ಹೊಟ್ಟಿ ಬ್ಯಾನಿ ಬಂತು, ವಾಯು ಅಂತ ಓಮಿನ ನೀರು ಕುಡಿಸಿದ್ರು. ಸಂಜಿಕೆ ಕಣ್ಣು ಕತ್ತಲಿ ಬಂದು ಬಿದ್ಲು. ನಳಿಕಿ ಒಡದು ಹೊಟ್ಟಿ ತುಂಬ ರಕ್ತ. ಉಳದ್ಲು, ಆದ್ರ ಕೂದಲೆಳಿಯಷ್ಟರಾಗ. ಮುಟ್ಟು ನಿಂತಾಕಿಗೆ ಒಂದು ಕಡೆ ಬ್ಯಾನಿ, ಸ್ವಲ್ಪ ಸ್ವಲ್ಪ ರಕ್ತ, ಚಕ್ಕರ್, ಹೆಗಲ ತುದಿಗೆ ಬ್ಯಾನಿ, ಇದರಾಗ ಯಾವದ ಬಂದ್ರೂ ಓಮಲ್ಲ, ಗಾಡಿ ತಗೀಬೇಕು.

ಐವಿಎಫ್ ಅಂದ್ರ ಈಗ ಎಲ್ಲಾದಕ್ಕೂ ಮಾಡ್ತಾರ, ಆದ್ರ ಅದು ಹುಟ್ಟಿದ್ದ ಕಟ್ಟಿದ ನಳಿಕಿ ಸಲುವಾಗಿ. ಇಂಗ್ಲೆಂಡಿನ್ಯಾಗ ಲೆಸ್ಲಿ ಬ್ರೌನ್ ಅಂತ ಒಬ್ಬಾಕಿ, ಎರಡೂ ನಳಿಕಿ ಬಂದ್, ಒಂಬತ್ತು ವರ್ಷ ಕಾದಾಕಿ. ಅಕಿ ಮಗಳು ಲೂಯಿಸ್ 1978ರ ಜುಲೈ 25ಕ್ಕ ಹುಟ್ಟಿದ್ಲು, ಜಗತ್ತಿನ ಮೊದಲನೇ ಪ್ರಣಾಳ ಶಿಶು. ಅದ ವರ್ಷ ಅಕ್ಟೋಬರ್ 3ಕ್ಕ ಕಲಕತ್ತಾದಾಗ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯ ಅವರ ಕೈಯಿಂದ 'ದುರ್ಗಾ' ಅಂತ ಕರೆಯೋ ಹುಡುಗಿ ಹುಟ್ಟಿದ್ಲು. ನಮ್ಮ ಸರ್ಕಾರದ ಮಂದಿ ಅವರನ್ನ ನಂಬಲಿಲ್ಲ, ಕಾಡಿದ್ರು. 1981ರಾಗ ಜೀವಾ ಕಳಕೊಂಡ್ರು. ಓದಿದಾಗೆಲ್ಲಾ ನನಗ ಹೊಟ್ಟಿ ಉರೀತದ.

ನಳಿಕೀನ ಬಿಟ್ಟು ಹೋಗೋ ದಾರಿ ಅದು. ಹತ್ತು ಹನ್ನೆರಡು ದಿನ ಸೂಜಿ, ಮಂಪರಿನ್ಯಾಗ ಅಂಡ ಹೊರಗ ತಗದು, ಹೊರಗ ಕೂಡಿಸಿ, ಮೂರು ಇಲ್ಲಾ ಐದು ದಿನಕ್ಕ ಗರ್ಭಚೀಲದಾಗ ಇಡ್ತಾರ. ಮೊದಲನೇ ಸಲಕ್ಕ ಆಗೇ ಆಗ್ತದ ಅಂತ ಯಾರರ ಅಂದ್ರ ಅಲ್ಲಿಂದ ಎದ್ದು ಬರ್ರಿ. 2021ರ ಕಾಯ್ದೆ ಪ್ರಕಾರ ಕೇಂದ್ರ ನೋಂದಣಿ ಆಗಿರಬೇಕು, ಆ ಪ್ರಮಾಣಪತ್ರ ತೋರಸ್ರಿ ಅಂತ ಕೇಳ್ಲಿಕ್ಕೆ ಸಂಕೋಚ ಬ್ಯಾಡ.

ನೆಗೆಣ್ಣಿಗೆ ಅದರ ಮುಂಚೆ ಇನ್ನೊಂದು ಕೆಲಸ ಇತ್ತು. ನೀರು ತುಂಬಿದ ಬಲಗಡೆ ನಳಿಕಿ. ಆ ನೀರು ಹಿಂದ ಗರ್ಭಚೀಲಕ್ಕ ಸೋರ್ತದ, ಇಟ್ಟ ಗರ್ಭ ನಿಲ್ಲಗೊಡೂದಿಲ್ಲ. ಹಂಗ ಬಿಟ್ಟು ಐವಿಎಫ್ ಮಾಡಿದ್ರ ಯಶಸ್ಸು ಹೆಚ್ಚುಕಡಿಮಿ ಅರ್ಧಕ್ಕ ಇಳೀತದ. ಅದಕ್ಕ ಮೊದಲ ತಗದ ಹಾಕ್ತಾರ, ಇಲ್ಲಾ ಬುಡಕ್ಕ ಕ್ಲಿಪ್ ಹಾಕ್ತಾರ. ತಗೀರಿ ಅಂತ ಸಹಿ ಮಾಡೋವಾಗ ಅಕಿ ಕೈ ನಡಗಿತು. ಯಾವ ಉಪಯೋಗಕ್ಕೂ ಬರಲಾರದ್ದು ಅಂತ ಗೊತ್ತಿದ್ರೂ, ತಂದು ಅನ್ನೂದನ್ನ ತಗದ ಕೊಡೋದು ಸುಮ್ಮನಲ್ಲ. "ನಂದು ಇನ್ನೂ ಏನೇನು ತಗೀತಾರ ಅಕ್ಕಾ" ಅಂದ್ಲು. ನಾನು ಏನೂ ಹೇಳಲಿಲ್ಲ. ಮೈದುನ ಅಕಿ ಕೈ ಹಿಡದು ಕೂತಾ, ಎಲ್ಲಾರ ಎದುರಿಗೆ. ನಮ್ಮ ಮನ್ಯಾಗ ಇದು ಮೊದಲನೇ ಸಲ.

ಅದರ ಜೋಡೀನ ಗರ್ಭಚೀಲದ ಒಳಗೂ ದುರ್ಬೀನ್ ಹಾಕಿ ನೋಡಿದ್ರು. ಟೀಬಿ ಅಲ್ಲೆ ಮುಟ್ಟಿ ಗೋಡಿ ಅಂಟಿಸಿಬಿಟ್ಟಿದ್ರ ಐವಿಎಫ್ ಸೈತ ಕಷ್ಟ ಆಗ್ತಿತ್ತು. ಒಳ ಪದರ ಛಲೋ ಅದ. ಆ ಒಂದು ಮಾತು ಕೇಳಲಿಕ್ಕೆ ಒಂದು ವರ್ಷ ಹಿಡೀತು.

ಮುಂದಿನ ಮುಟ್ಟಿನ ಎರಡನೇ ದಿನದಿಂದ ಸೂಜಿ ಶುರು. ನಿಮ್ಮೆಲ್ಲಾರಿಗೂ ಒಂದು ಕೆಲಸ ಹೇಳೋದದ. ಇನ್ನ ಎರಡು ತಿಂಗಳು ಅಕಿಗೆ ಫೋನ್ ಮಾಡಿ "ಏನರ ವಿಶೇಷ ಅದನ?" ಅಂತ ಕೇಳಬ್ಯಾಡ್ರಿ. ಕೇಳಲೇಬೇಕು ಅಂತ ತಡೀಲಾರದಂಗ ಆದ್ರ ನನಗ ಮಾಡ್ರಿ, ಮಧ್ಯಾಹ್ನ ಮೂರರ ಮ್ಯಾಲೆ, ಅತ್ತಿಯವರು ಮಲಗಿರ್ತಾರ. ಕಾಕು, ನಿಮ್ಮ ಮನಿ ಕುಬಸಕ್ಕ ಅಕಿನ್ನ ಕರೀರಿ. ಬರೋದು ಬಿಡೋದು ಅಕಿ ಇಷ್ಟ, ಕರಿಯೋದು ನಿಮ್ಮ ಕೈಯಾಗದ. ಮತ್ತ ಕಳೆದ ಸಲದಂಗ ಹಿಂದಿನ ಸಾಲಿನ್ಯಾಗ ಕೂಡಸಬ್ಯಾಡ್ರಿ, ಅಕಿ ನನ್ನ ಬಾಜೂಕ ಕೂಡ್ತಾಳ.